ಹೊತ್ತು ಮುಳುಗಿದರೆ ಹೊಳೆದಂಡೆಗೆ ಮುಟ್ಟದ ರೇಡಿಯೊ

ಬಾನುಲಿ ಕೇಂದ್ರದ ಮುಖ್ಯ ಎಂಜಿನಿಯರ್ ಸಾಹೇಬರೇ,

ಹೊತ್ತು ಮುಳುಗಿದ ಮೇಲೆ ನಿಮ್ಮ ಕೇಂದ್ರದ ದನಿ ಹರಿಹರದ ಹೊಳೆದಂಡೆಗೆ ಮುಟ್ಟುವುದಿಲ್ಲ. ಇದು ನಿಮಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ನನ್ನ ಸೋದರಮಾವ ಉಚ್ಚೆಂಗಪ್ಪ ಜೀವ ತೆತ್ತ.

ಮಾವನದು ಅದೇ ದಂಡೆಯ ಕಡರನಾಯಕನಹಳ್ಳಿ. ಕಳೆದ ಮಳೆಗಾಲಕ್ಕೆ ಮುಂಚೆ ಅಧಿಕಾರಿಗಳು ಊರಿಗೆ ಬಂದು, "ಕರೆಂಟು, ಮೊಬೈಲು ಕೈಕೊಟ್ಟರೂ ರೇಡಿಯೊ ಕೈಕೊಡೋದಿಲ್ಲ, ಪ್ರವಾಹದ ಸುದ್ದಿ ಅದರಲ್ಲೇ ಹೇಳ್ತೀವಿ" ಎಂದು ಭಾಷಣ ಬಿಗಿದು ಹೋದರು. ಮಾವ ನಂಬಿದ. ಹಳೇ ರೇಡಿಯೊಗೆ ಹೊಸ ಸೆಲ್ ಹಾಕಿದ. ಹಗಲಲ್ಲಿ ಚೆನ್ನಾಗಿಯೇ ಕೇಳುತ್ತಿತ್ತು.

ಆ ಸಂಜೆ ಊರಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ. ಮಾವ ರೇಡಿಯೊ ಕಿವಿಗೆ ಹಿಡಿದು ಕೂತ. ಬರೀ ಗೊರಗೊರ, ಅದರ ನಡುವೆ ಎಲ್ಲಿಯದೋ ದೂರದ ಕೇಂದ್ರದ ಹಿಂದಿ ಹಾಡು. ಅದನ್ನೇ ನಿಮ್ಮದೆಂದು ತಿಳಿದ.

"ಹೊಳೆ ಬರಂಗಿದ್ರೆ ಹಾಡು ಯಾಕ ಹಾಕ್ತಿದ್ರು? ದಂಡೆ ಮ್ಯಾಲಿನ ಎಮ್ಮೆ ಬಿಚ್ಕಂಡು ಬರ್ತೀನಿ" ಎಂದ.

"ಬ್ಯಾಡ, ಕತ್ತಲಾಗೈತೆ" ಎಂದಳು ಅತ್ತೆ ಓಬವ್ವ. ಕೇಳಲಿಲ್ಲ.

ಅದೇ ಹೊತ್ತಿಗೆ ದಾವಣಗೆರೆಯ ಸರಸ್ವತಿ ನಗರದಲ್ಲಿ, ಹೊಳೆಯ ಹನಿಯೂ ತಾಗದ ನನ್ನ ಅಡುಗೆಮನೆಯಲ್ಲಿ, ನಿಮ್ಮ ಕೇಂದ್ರ ಸ್ಪಷ್ಟವಾಗಿ ನುಡಿಯುತ್ತಿತ್ತು: ಡ್ಯಾಂನಿಂದ ನೀರು ಬಿಡಲಾಗಿದೆ, ನದಿಗೆ ಯಾರೂ ಇಳಿಯಬಾರದು. ಸದ್ಯ, ಮಾವನೂ ಕೇಳಿರುತ್ತಾನೆ ಎಂದುಕೊಂಡು ನಾನು ರೊಟ್ಟಿ ತಟ್ಟುತ್ತಿದ್ದೆ. ಎಮ್ಮೆಗಳು ಈಜಿಕೊಂಡು ಮನೆಗೆ ಬಂದವು. ಮಾವ ಸಿಕ್ಕಿದ್ದು ಹೊಳೆ ಹರಿದ ಕಡೆ, ಕೆಳಗಿನ ಜಾಲಿ ಪೊದೆಯಲ್ಲಿ.

ಕಾರಣ ಕೇಳಲು ಅತ್ತೆಯನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ಸೌಜನ್ಯಕ್ಕೆ ಕೊರತೆ ಮಾಡಲಿಲ್ಲ ತಾವು. ಚಹಾ ತರಿಸಿದಿರಿ, ಹಾಳೆಯ ಮೇಲೆ ಚಿತ್ರ ಬರೆದಿರಿ. ರಾತ್ರಿ ಮಧ್ಯಮ ತರಂಗ ಆಕಾಶಕ್ಕೆ ತಾಗಿ ಪುಟಿದು ನೂರಾರು ಮೈಲಿ ಹೋಗುತ್ತದೆ. ಅಲ್ಲಿ ಅದೇ ತರಂಗದಲ್ಲಿ ನುಡಿಯುವ ಕೇಂದ್ರಕ್ಕೆ ಅಡ್ಡಿಯಾಗದಿರಲೆಂದು ಪವರ್ ಇಳಿಸುತ್ತೀರಿ. ಪ್ರಸಾರದ ಎರಡು ಕಂಬಗಳನ್ನು ಜೋಡಿಸಿ ಆ ದಿಕ್ಕಿಗೆ ದನಿಯನ್ನೇ ಅಡಗಿಸುತ್ತೀರಿ. "ನಿಮ್ಮ ಊರು ಅದೇ ದಿಕ್ಕಿನಲ್ಲಿದೆ ಮೇಡಂ, ಏನು ಮಾಡೋದು?" ಎಂದಿರಿ, ಊರನ್ನು ಅಲ್ಲಿಟ್ಟದ್ದು ನಮ್ಮದೇ ತಪ್ಪೆಂಬಂತೆ.

ಅತ್ತೆ ಚಹಾ ಮುಟ್ಟಲಿಲ್ಲ. "ಅಲ್ರಿ ಸಾಹೇಬ್ರ, ದೂರದೋರ ಹಾಡು ಕೆಡಬಾರದು ಅಂತ ಇಷ್ಟು ಕಾಳಜಿ ಮಾಡೀರಿ. ನಿಮಗೆ ರಾತ್ರಿ ಕೇಳಂಗಿಲ್ಲ ಅಂತ ನಮಗೊಂದು ಮಾತು ಹೇಳಾಕ ಆಗಲಿಲ್ಲೇನ್ರಿ?" ಎಂದಳು. ತಾವು ಫೋನ್ ನೋಡಿಕೊಂಡಿರಿ.

ತರಂಗದ ನಿಯಮ ಪ್ರಕೃತಿಯದು, ಒಪ್ಪಿದೆ. ನೆರೆ ಕೇಂದ್ರಕ್ಕೆ ಅಡ್ಡಿಪಡಿಸದಿರುವುದು ಶಿಸ್ತು, ಅದನ್ನೂ ಒಪ್ಪಿದೆ. ಆದರೆ ಮುಟ್ಟದ ದನಿಯನ್ನು ನಂಬಿ ಕೂರಿ ಎಂದು ಜನಕ್ಕೆ ಹೇಳಿದ್ದು ಯಾವ ಪ್ರಕೃತಿ? ಅಧಿಕಾರಿಗಳು ಊರೂರು ಸುತ್ತಿ ಭಾಷಣ ಮಾಡುವಾಗ ನಿಮ್ಮ ಆ ಚಿತ್ರ ಯಾವ ಕಪಾಟಿನಲ್ಲಿ ಮಲಗಿತ್ತು? ದೂರದ ಕೇಂದ್ರದವರು ದೂರು ಕೊಡಬಲ್ಲರು. ಮುಳುಗಿದವರು ಕೊಡಲಾರರು ಎಂಬ ಲೆಕ್ಕವೇ?

ಮತ್ತೆ ಮಳೆಗಾಲ ಬರುತ್ತಿದೆ. ಅಷ್ಟರೊಳಗೆ, ಪ್ರವಾಹದ ಸಂಜೆಗಳಲ್ಲಿ ಎಲ್ಲ ದಿಕ್ಕಿಗೂ ಪೂರ್ತಿ ಪವರ್‌ನಲ್ಲಿ ಪ್ರಸಾರ ಮಾಡಲು ಅನುಮತಿ ತನ್ನಿ. ಅದು ಆಗದಿದ್ದರೆ ನಿಮ್ಮ ದನಿ ಮುಟ್ಟದ ಪ್ರತಿ ಊರಿಗೂ ಖುದ್ದಾಗಿ ಹೋಗಿ, ರಾತ್ರಿ ನಮ್ಮನ್ನು ನಂಬಬೇಡಿ ಎಂದು ಬಾಯಿಬಿಟ್ಟು ಹೇಳಿ. ಮೊದಲು ಕಡರನಾಯಕನಹಳ್ಳಿಗೆ ಬನ್ನಿ. ಓಬವ್ವನ ಎದುರು ನಿಂತು ಹೇಳಿ.

ಇಂತಿ,
ಉತ್ತರದ ನಿರೀಕ್ಷೆ ಇಲ್ಲದೆಯೂ ಸಹಿ ಹಾಕುತ್ತಿರುವ,
ಅಂಬಿಕಾ
ದಾವಣಗೆರೆ