ಛತ್ರಿ ರಿಪೇರಿಯ ನೆಪ

ಮಂಗಳವಾರ, ಸಂಜೆ

ಪುಟ್ಟಿ,

ಕೋಪ ಇನ್ನೂ ಇಳಿದಿಲ್ಲವಾದರೆ ಮೊದಲು ಒಂದು ಲೋಟ ನೀರು ಕುಡಿ, ಆಮೇಲೆ ಓದು. ಫೋನಿನಲ್ಲಿ ಹೇಳಲು ಹೊರಟರೆ ನಾನು ಬೇರೇನೋ ಮಾತಾಡಿ ಇಟ್ಟುಬಿಡುತ್ತೇನೆ, ನಿನಗೋ ಮೂಗಿನ ತುದಿಯಲ್ಲೇ ಸಿಟ್ಟು. ಅದಕ್ಕೇ ಪತ್ರ.

ಹಳೇ ಪಟ್ಟಣ ನೋಡಿ ಬರುತ್ತೇನೆಂದು ಹೊರಟವಳು ಅದನ್ನು ನೋಡಿದ್ದೂ ನಿಜ. ಹಡಗಿನಲ್ಲಿ ಬಂದ ಪರದೇಶದ ದೊರೆಗಳು ಕಟ್ಟಿಸಿದ ಕೋಟೆ, ಎರಡಾಳೆತ್ತರದ ಕಿಟಕಿಗಳು. ಇಂಥ ಕಿಟಕಿಗೆ ಪರದೆ ಹೊಲಿಯುವ ನನ್ನಂಥ ದರ್ಜಿಯ ಗತಿ ಏನು ಎಂದು ಯೋಚಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಮೇಲೆ ಕಡಲತೀರದ ಬಡಾವಣೆಗೆ ಬಸ್ಸು ಹತ್ತಿದೆ. ಹೌದು ತಾಯಿ, ನಿನ್ನ ಹುಡುಗ ಇರುವ ಬಡಾವಣೆಗೇ. ಮರಳಿನ ಮೇಲೆ ಮನೆ ಮಾಡಿಕೊಂಡವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಹಟ ಹಿಡಿದವಳು ಆ ಮರಳನ್ನಾದರೂ ನೋಡಬೇಡವೇ?

ಚೆನ್ನಾಗಿದೆ ಕಣೇ! ಬೀದಿ ಮುಗಿಯುವಲ್ಲೇ ಸಮುದ್ರ. ಬ್ಯಾಂಕಿನ ಬಾಗಿಲಲ್ಲೂ ಮರಳು, ಗುಮಾಸ್ತರ ಕಾಲಲ್ಲೂ ಹವಾಯಿ ಚಪ್ಪಲಿ. ನಾನೂ ಮೊಣಕಾಲವರೆಗೆ ಬಟ್ಟೆ ಎತ್ತಿಕೊಂಡು ನೀರಿಗಿಳಿದೆ. ಅಲೆ ಬಂದು ಸೊಂಟದವರೆಗೂ ನೆನೆಸಿ ಹೋಯಿತು. ಒಬ್ಬಳೇ ನಿಂತು ನಕ್ಕೆ.

ಅವನ ಅಂಗಡಿಗೆ ಹೋಗಲು ನೆಪ ಬೇಕಿತ್ತಲ್ಲ? ನನ್ನ ಫೋಟೋ ಕೂಡ ಅವನು ನೋಡಿಲ್ಲ. ದೋಣಿಗಳ ಹಾಯಿ, ತೀರದ ದೊಡ್ಡ ಕೊಡೆಗಳನ್ನು ಹೊಲಿಯುವವನು ಎಂದಿದ್ದೆಯಲ್ಲ, ನನ್ನ ಹೊಸ ಛತ್ರಿಯ ಹೊಲಿಗೆ ಬಿಚ್ಚಿಕೊಂಡು ಹೋದೆ. ಗಾಳಿಗೆ ಹರಿಯಿತಪ್ಪ ಎಂದೆ. ಅವನು ಅದನ್ನು ತಿರುಗಿಸಿ ನೋಡಿ, ನನಗೊಂದು ಸ್ಟೂಲು ಎಳೆದು ಕೊಟ್ಟ.

ತಪ್ಪು ಹುಡುಕಲೆಂದೇ ಕೂತೆ. ಹಾಯಿಯ ಮಡಿಕೆಯನ್ನು ಬೆರಳಿನಿಂದ ಒತ್ತಿ ಒತ್ತಿ ಕೂರಿಸಿ, ಒಳಮುಖದ ಹೊಲಿಗೆಯನ್ನೂ ಹೊರಮುಖದಷ್ಟೇ ನೀಟಾಗಿ ಹಾಕುತ್ತಾನೆ. ಯಾರಿಗೂ ಕಾಣದ ಜಾಗ! ಹೊಟ್ಟೆಕಿಚ್ಚಾಯಿತು. ನಡುವೆ ನನ್ನ ನೂರೆಂಟು ಪ್ರಶ್ನೆ: ಸಿಟ್ಟು ಬಂದರೆ ಏನು ಮಾಡುತ್ತೀಯ, ಅಡುಗೆ ಬರುತ್ತದಾ, ಗೊರಕೆ ಹೊಡೆಯುತ್ತೀಯಾ. ಯಾವ ಗಿರಾಕಿ ಇದನ್ನೆಲ್ಲ ಕೇಳುತ್ತಾಳೆ? ಅವನು ಮಾತ್ರ ಪರೀಕ್ಷೆಗೆ ಕೂತವನ ಹಾಗೆ ಒಂದೊಂದಕ್ಕೂ ಉತ್ತರ ಕೊಟ್ಟ.

ಛತ್ರಿ ಕೈಗಿಡುವಾಗ ಮೆಲ್ಲಗೆ ಹೇಳಿದ: "ಗಾಳಿಗೆ ಹರಿದಿದ್ರೆ ಬಟ್ಟೆ ಚಿಂದಿ ಆಗಿರೋದು ಅಮ್ಮ. ಇಲ್ಲಿ ಒಂದು ಎಳೆನೂ ಜಗ್ಗಿಲ್ಲ, ದಾರ ಮಾತ್ರ ಬಿಡಿಸಿದೀರ. ಇಷ್ಟು ಪ್ರೀತಿಯಿಂದ ದರ್ಜಿ ಬಿಟ್ಟು ಇನ್ಯಾರು ಹಾಳು ಮಾಡ್ತಾರೆ? ನಿಮ್ಮ ಕೈ ಎಂಥದ್ದು ಅಂತ ನಿಮ್ಮ ಮಗಳು ಹೇಳಿದಾಳೆ."

ನಾಚಿ ನೀರಾದೆ. ಏನು ಮಾಡಲಿ, ಒಳ್ಳೆ ಬಟ್ಟೆ ಹರಿಯಲು ಕೈ ಬರಲಿಲ್ಲ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ನಿಜ ಹೇಳಿಬಿಡುತ್ತೇನೆ. ನನ್ನ ಭಯ ಮರಳಿನದ್ದಲ್ಲ. ನೀನಿಲ್ಲದ ನಮ್ಮ ಅಂಗಡಿಯಲ್ಲಿ ಯಾರ ಮೇಲೆ ರೇಗಲಿ, ಸೂಜಿಗೆ ದಾರ ಪೋಣಿಸೆಂದು ಯಾರನ್ನು ಕರೆಯಲಿ ಎಂಬ ಭಯ. ಅದು ನನ್ನ ಪಾಡು, ನಾನು ನೋಡಿಕೊಳ್ಳುತ್ತೇನೆ. ನೀನು ಅವನನ್ನು ಮದುವೆಯಾಗು ಮಗಳೇ. ಮನಸ್ಸು ತುಂಬಿ ಹೇಳುತ್ತಿದ್ದೇನೆ.

ನಿನ್ನ ಹಟಮಾರಿ
ಅಮ್ಮ

ಹೇಳಲು ಮರೆತೆ: ಅವನಿಗೆ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ನಗು ಮುಗಿದ ಮೇಲೆ ಮುಖ ಗಂಟು ಹಾಕಿಕೊಂಡು, ಯೋಚಿಸುತ್ತೇನೆ ಎಂದು ಎದ್ದು ಬಂದೆ. ನಾನು ಬಂದದ್ದನ್ನು ನಿನಗೆ ಹೇಳಕೂಡದೆಂದು ಆಣೆ ಬೇರೆ ಮಾಡಿಸಿಕೊಂಡಿದ್ದೇನೆ. ಈ ಪತ್ರ ನಿನಗೆ ಮುಟ್ಟುವವರೆಗೂ ಇರಲೆಂದು ಅವನ ಅಂಗಡಿಯ ಎದುರು ಮನೆಯಲ್ಲೇ ಕೋಣೆ ಹಿಡಿದಿದ್ದೇನೆ. ಪತ್ರ ಓದಿದ ತಕ್ಷಣ ಫೋನು ಮಾಡಿ ನೀನೇ ಅವನಿಗೆ ಹೇಳು. ಆದರೆ ಅದಕ್ಕೂ ಮೊದಲು ನನಗೊಂದು ಮಿಸ್ಡ್ ಕಾಲ್ ಕೊಡು, ಕಿಟಕಿಗೆ ಓಡುತ್ತೇನೆ. ಆಗ ಅವನ ಮುಖ ನಾನು ನೋಡಲೇಬೇಕು.