ಎರಡು ಸೀಟಿನ ಕಯಾಕ್

ಏಪ್ರಿಲ್ 14, ಸೋಮವಾರ

ಟೀ. ಮಾತ್ರೆ. ಮತ್ತೆ ಅದೇ ವಿಡಿಯೋ. ಬೊಕ್ಕತಲೆಯವನೊಬ್ಬ ಸಮುದ್ರದ ಮೇಲೆ ಕಿರಿದಾದ ದೋಣಿಯಂಥ ಕಯಾಕ್‌ನಲ್ಲಿ ಕೂತು ಮೀನು ಹಿಡಿಯುತ್ತಾನೆ. ಇವರು ಸೋಫಾದ ತುದಿಯಲ್ಲಿ.

"ಸುಚೇತಾ, ಇಲ್ಲಿ ಬಾ. ಇದರಾಗ ಒಳಗ ಕೂಡೂದಿಲ್ಲ ನೋಡು, ಮ್ಯಾಲೆ ಕೂಡೂದು. ಮಗುಚಿದ್ರೂ ಸಿಕ್ಕೊಳ್ಳಂಗಿಲ್ಲ. ಮತ್ತ ಹತ್ತಿ ಕೂಡಬಹುದು."

"ಹೌದಾ?" ಅಂದೆ, ಮೊದಲ ಸಲ ಕೇಳಿದವಳ ಹಾಗೆ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಅಂತ ಮುಂಚೆ ರೇಗಿಸುತ್ತಿದ್ದೆ. ಮೆಮರಿ ಕ್ಲಿನಿಕ್‌ನವರು ಮರೆವಿನ ಕಾಯಿಲೆಗೆ ಹೆಸರಿಟ್ಟ ಮೇಲೆ ಬಿಟ್ಟೆ. ಅರವತ್ತೂ ತುಂಬಿಲ್ಲ ಮನುಷ್ಯನಿಗೆ.

ಆದರೆ ಕಯಾಕ್ ಮಾತು ಬಂದರೆ ಹಳೇ ಎಂಜಿನಿಯರ್ ಸೋಮಲಿಂಗಪ್ಪನೇ. ಅಗಲ, ಉದ್ದ, ಎಷ್ಟು ಭಾರ ತಡೆಯುತ್ತದೆ... ಒಂದೂ ತಪ್ಪಲ್ಲ. ನಾಷ್ಟಾ ಆಯಿತೋ ಇಲ್ಲವೋ, ಅದು ಮಾತ್ರ ಗೊತ್ತಿಲ್ಲ.

ಏಪ್ರಿಲ್ 27

ಸ್ನಾನ ಮುಗಿಸಿ, ವಿಭೂತಿ ಹಚ್ಚಿ, ಲಿಂಗಪೂಜೆ ಮಾಡಿದರು. ಕೈ ಒಂದನ್ನೂ ಮರೆತಿಲ್ಲ. ಲಿಂಗವನ್ನು ಬೆಳ್ಳಿ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು ಬಂದು ಟಿವಿ ಮುಂದೆ ಕೂತರು.

ಕೇಳಿಯೇಬಿಟ್ಟೆ. "ಮೀನು ಹಿಡಿದು ಏನು ಮಾಡ್ತೀರಿ?"

"ಏನ ಮಾಡ್ತಾರ? ಕರಕೊಂಡು ತಿಂತಾರ."

ಇವರು ನಗಲಿಲ್ಲ. ತಮಾಷೆ ಅಲ್ಲ. ಬಾಗಲಕೋಟೆಯ ಇವರ ಮನೆಯಲ್ಲಿ ಮೊಟ್ಟೆ ಅನ್ನುವ ಮಾತೂ ಎತ್ತುವ ಹಾಗಿರಲಿಲ್ಲ.

ಮದುವೆಗೆ ಮುಂಚೆ ಅಮ್ಮ ಗೊಣಗಿದ್ದಳು — ಎತ್ತು ಏರಿಗೆ, ಕೋಣ ನೀರಿಗೆ, ಹೇಗೆ ಬಾಳ್ತೀಯೆ? ಗಂಗೊಳ್ಳಿಯ ಹುಡುಗಿ ನಾನು. ಮೀನಿಲ್ಲದೆ ತುತ್ತು ಇಳಿಯದವಳು. ಬಿಟ್ಟೆ. ಯಾರೂ ಬಿಡು ಅಂದಿರಲಿಲ್ಲ. ಹೊರಗೆ ಬೇಕಾದರೆ ತಿನ್ನು ಅಂತ ಇವರೇ ಹೇಳಿದ್ದರು. ತಿನ್ನಲಿಲ್ಲ. ಬಿಟ್ಟಿದ್ದು ಇವರ ಗಮನಕ್ಕೆ ಬಂತೋ ಇಲ್ಲವೋ... ಒಂದು ದಿನವೂ ಕೇಳಲಿಲ್ಲ. ಅದೊಂದು ನೋವು ಇದ್ದೇ ಇದೆ ನನಗೆ.

ಮೇ 6

ಲೀಡ್ಸ್‌ನಿಂದ ಮಗಳು ಪ್ರೇರಣಾಳ ಫೋನ್. ಅಪ್ಪ ಮೀನು ತಿನ್ನುತ್ತೇನೆ ಅನ್ನುತ್ತಿದ್ದಾರೆ ಅಂದೆ. "ಅಮ್ಮಾ, ಜಸ್ಟ್ ಲೆಟ್ ಹಿಮ್. ಹೀಸ್ ಹ್ಯಾಪಿ. ಹೀ ವೋಂಟ್ ಈವನ್ ನೋ."

"ನನಗೆ ಗೊತ್ತಿರತ್ತಲ್ಲೇ."

"ದೆನ್ ಇಟ್ಸ್ ಅಬೌಟ್ ಯೂ, ಅಮ್ಮಾ."

ಮಗಳು ಅನ್ನಿಸಿಕೊಂಡವಳು ಆಡುವ ಮಾತೇ ಇದು! ಸಿಟ್ಟು ಬಂತು. ಇಟ್ಟುಬಿಟ್ಟೆ.

ತನ್ನ ನೇಮ ತನಗೇ ನೆನಪಿಲ್ಲದವನ ನೇಮವನ್ನು ಹೆಂಡತಿ ಕಾಯಬೇಕೇ? ಇವರ ಸಂತೋಷ ಮುಖ್ಯವೋ, ಇವರು ಏನಾಗಿದ್ದರೋ ಅದು ಮುಖ್ಯವೋ? ಆಸ್ಪತ್ರೆಯ ಫಾರ್ಮಸಿಯಲ್ಲಿ ಡ್ಯೂಟಿ ಮಾಡುವಾಗಲೂ ದಿನವೆಲ್ಲ ಇದೇ ತಲೆಯಲ್ಲಿ. ಬಸ್ಸಿಗೆ ಹೋಗುವಾಗ ಮಾರ್ಕೆಟ್‌ನ ಮೀನಂಗಡಿಯ ಮುಂದೆ ನಿಂತೆ. ಬಾಯಲ್ಲಿ ನೀರೂರಿತು. ಸುಳ್ಳು ಯಾಕೆ ಬರೆಯಲಿ — ನನಗೂ ಬೇಕು.

ಮೇ 17, ಶನಿವಾರ

ಕೊನೆಗೂ ಹೋದೆವು, ರಾದರಮ್ ಊರಿನಾಚೆಯ ಕಯಾಕ್ ಅಂಗಡಿಗೆ. ಗ್ರೆಗ್ ಅಂತ ಅಂಗಡಿಯವನು, ಒಳ್ಳೆಯವನು. ಇವರು ಒಂದೊಂದನ್ನೂ ಬಗ್ಗಿ ನೋಡಿ ವಿವರಿಸಿದರು. ಅಗಲ ಇದ್ದರೆ ಅಲುಗಾಡದು, ಆದರೆ ಓಡದು. ಉದ್ದ ಇದ್ದರೆ ನೇರ ಹೋಗುತ್ತದೆ, ತಿರುಗಿಸುವುದು ಕಷ್ಟ. ಕೂರುವ ಕಡೆ ತೂತುಗಳಿವೆಯಲ್ಲ, ಅಲೆ ಮೇಲೆ ಬಿದ್ದರೂ ನೀರು ತಾನೇ ಇಳಿದುಹೋಗುತ್ತದೆ. ಗ್ರೆಗ್ ತಲೆದೂಗಿದ. ನನಗೆ ಎದೆ ತುಂಬಿ ಬಂತು.

"ನನಗ ಒಂದ ಸೀಟಿಂದು ಸಾಕು. ಆಕಿಗೆ ಡ್ಯೂಟಿ ಇರ್ತದ," ಅಂದರು.

ಒಬ್ಬರೇ ಹೋದರೆ ದಡ ಯಾವ ಕಡೆ ಅಂತ ಗೊತ್ತಾಗಬೇಕಲ್ಲ? ಎರಡು ಸೀಟಿನದು ಅಂದೆ. ಹಿಂದೆ ಕೂತವರೇ ದಿಕ್ಕು ನೋಡಿಕೊಳ್ಳಬೇಕು, ಸಾಮಾನ್ಯವಾಗಿ ಗಂಡಸರು ಕೂರುತ್ತಾರೆ ಅಂದ ಗ್ರೆಗ್. ಹಿಂದೆ ನಾನೇ ಅಂದೆ. ಇವರ ಮುಖ ಸಣ್ಣದಾಯಿತು. ಮರುಕ್ಷಣ ಮರೆತರು.

ಹಸಿರು ಬಣ್ಣದ್ದು. ಗಾಳ ಸಿಕ್ಕಿಸಲು ಹಿಂದೆ ಮುಂದೆ ಜಾಗ ಇದೆ. ಗ್ರೆಗ್ ಕಾರಿನ ಮೇಲೆ ಕಟ್ಟಿಕೊಡುವಾಗ ಇವರು ನನ್ನ ಕಿವಿಯಲ್ಲಿ — "ಇಲ್ಲಿ ಏನ ಕೊಳ್ಳಾಕ ಬಂದೀವಿ ನಾವು?"

ಜೂನ್ 22

ಗಾಳಿ. ಸಮುದ್ರಕ್ಕೆ ಹೋಗಲಿಲ್ಲ.

ಜುಲೈ 3

ಬಾತ್‌ರೂಮ್ ಬಾಗಿಲಲ್ಲಿ ಎದುರು ಬದುರಾದೆವು. "ಎಕ್ಸ್‌ಕ್ಯೂಸ್ ಮಿ," ಅಂದರು. ನನಗೆ! ಆಮೇಲೆ ನಕ್ಕರು. ನಾನೂ ನಕ್ಕೆ. ತಮಾಷೆ ಅಂತಲೇ ಇಟ್ಟುಕೊಂಡಿದ್ದೇನೆ.

ಆಗಸ್ಟ್ 9, ಮಧ್ಯಾಹ್ನ. ಬ್ರಿಡ್ಲಿಂಗ್ಟನ್ ಕಡಲತೀರ

ಸಮುದ್ರ ಇವತ್ತು ತಟ್ಟೆಯ ಹಾಗೆ. ದಡ ಬಿಟ್ಟು ದೂರ ಹೋಗಲಿಲ್ಲ. ಇವರು ಮುಂದೆ, ನಾನು ಹಿಂದೆ. ಇವರ ಬೆನ್ನು ನೋಡುತ್ತಾ ಹುಟ್ಟು ಹಾಕಿದೆ. ಲೈಫ್ ಜಾಕೆಟ್ ಬೆಲ್ಟ್ ಕಟ್ಟಲು ಬರಲಿಲ್ಲ ಇವರಿಗೆ, ನಾನೇ ಕಟ್ಟಿದ್ದು. ಗಾಳ ಮಾತ್ರ ಸರಾಗ.

ಎಳೆಯಿತು. "ಸಿಕ್ಕಿತು! ಸುಚೇತಾ, ಸಿಕ್ಕಿತು!" ಕೂಗಿದರು. ಹೆಸರು ಹಿಡಿದು. ಎಷ್ಟು ದಿನದ ಮೇಲೆ!

ಮ್ಯಾಕೆರೆಲ್. ಬೆನ್ನ ಮೇಲೆ ಪಟ್ಟೆ. ನಮ್ಮ ಬಂಗುಡೆಯ ದಾಯಾದಿ. ಕೈಗೆ ತೆಗೆದುಕೊಂಡೆ. ಒದ್ದಾಡಿತು. ವಾಪಸ್ ಬಿಡೋಣವೇ ಅಂತ ಕೇಳಬಹುದಿತ್ತು. ಕೇಳಲಿಲ್ಲ.

ಈಗ ಬೆಂಚಿನ ಮೇಲೆ. ಇವರು ಚಿಪ್ಸ್ ತಿನ್ನುತ್ತಿದ್ದಾರೆ. ತುಂಬ ಖುಷಿಯಾಗಿದ್ದಾರೆ. ನಾನೂ.

ಅದೇ ದಿನ, ಸಂಜೆ. ಮನೆ ಮುಂದೆ, ಕಾರಿನಲ್ಲಿ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮೀನು ಹೆಚ್ಚಿ, ಮೆಣಸು ಹುಳಿ ಅರೆದು ಹಚ್ಚಿ, ಕಾವಲಿಗೆ ಹಾಕಿದೆ. ಅಮ್ಮ ಮಾಡುವ ಹಾಗೇ. ಕೈ ಮರೆತಿರಲಿಲ್ಲ. ಮನೆ ತುಂಬ ಘಮ. ಒಂದು ಚೂರು ಮುರಿದು ಬಾಯಿಗೆ ಇಡಬೇಕು, ಅಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ಇವರು. ಕೈ ಕರಡಿಗೆಯ ಮೇಲೆ.

"ಏನ್ರೀ ಅದು ವಾಸನಿ?"

ನನಗೆ 'ರೀ' ಅಂದವರೇ ಅಲ್ಲ ಇವರು.

"ಮೀನು. ನೀವೇ ಹಿಡಿದಿದ್ದು," ಅಂದೆ.

"ಬ್ಯಾಡ್ರೀ. ಇಲ್ಲಿ ಕರೀಬ್ಯಾಡ್ರೀ. ನನಗಂತ ಅಲ್ರೀ... ನಮ್ಮ ಮನಿಯಾಕಿ ನನ್ನ ಸಲುವಾಗಿ ಮೀನ ಬಿಟ್ಟಾಳ್ರೀ. ಭಾಳ ಆಸಿ ಆಕಿಗೆ. ಸಮುದ್ರದ ದಂಡಿ ಊರಾಕಿ. ಒಂದ ಸಲಾನೂ ಬಾಯಿ ಬಿಟ್ಟು ಅಂದಿಲ್ಲ. ನನಗ ಗೊತ್ತದ. ಕೇಳಿದ್ರ ಎಲ್ಲಿ ಅಳ್ತಾಳೋ ಅಂತ ನಾನೂ ಕೇಳಿಲ್ಲ. ಈಗ ಬರೋ ಹೊತ್ತಾತು. ಈ ವಾಸನಿ ಬಂದ್ರ ಆಕಿ ಜೀವ ಮರಗ್ತದ. ಹೊರಗ ಒಯ್ರೀ, ನಿಮ್ಮ ಕಾಲ ಬೀಳ್ತೇನಿ."

"ಎಲ್ಲಿ ಹೋಗಿದಾರೆ ನಿಮ್ಮ ಮನೆಯವರು?" ನನ್ನ ಬಾಯಿಂದಲೇ ಬಂತು ಈ ಮಾತು.

"ಡ್ಯೂಟಿಗೆ."

ಬಾಯಲ್ಲಿ ಇಡಬೇಕಿದ್ದ ಚೂರು ಕೈಯಲ್ಲೇ ಇತ್ತು. ಒಲೆ ಆರಿಸಿದೆ. ಕಿಟಕಿ ಎಲ್ಲ ತೆಗೆದೆ. ಮೀನನ್ನು ಹೊರಗಿನ ಬಿನ್‌ಗೆ ಹಾಕಿದೆ. ಒಳಗೆ ಬಂದಾಗ ಹಾಲ್‌ನಲ್ಲಿ ಕುರ್ಚಿ ಹಾಕಿಕೊಂಡು ಮುಂಬಾಗಿಲು ನೋಡುತ್ತಾ ಕೂತಿದ್ದರು. "ಥ್ಯಾಂಕ್ಯೂ ರೀ," ಅಂದರು.

ಗೊತ್ತಿತ್ತು ಇವರಿಗೆ. ಇಷ್ಟು ವರ್ಷವೂ ಗೊತ್ತಿತ್ತು. ಇವತ್ತು ನನಗೆ ಹೇಳಿದರು, ನಾನು ಯಾರೋ ಅಂದುಕೊಂಡು.

ಅಳು ಬಂತು, ಅತ್ತುಬಿಟ್ಟೆ. ಆಸ್ಪತ್ರೆಯ ಕೋಟು ಹಾಕಿಕೊಂಡು, ಬ್ಯಾಡ್ಜ್ ಸಿಕ್ಕಿಸಿ, ಹಿಂಬಾಗಿಲಿಂದ ಬಂದು ಕಾರಿನಲ್ಲಿ ಕೂತಿದ್ದೇನೆ. ಕಾರಿನ ಮೇಲೆ ಕಯಾಕ್ ಇನ್ನೂ ಕಟ್ಟಿಯೇ ಇದೆ, ಒಳಗೆ ನಿಂತ ನೀರು ತೊಟ್ಟಿಕ್ಕುತ್ತಿದೆ. ಗಾಜಿನ ಬಾಗಿಲಾಚೆ ಇವರ ನೆರಳು ಕಾಣುತ್ತದೆ. ಎದ್ದು ನಿಲ್ಲುತ್ತಾರೆ, ಮತ್ತೆ ಕೂರುತ್ತಾರೆ. ಹೆಂಡತಿ ಬರಲಿಲ್ಲ ಅಂತ.

ಕೈ ಮೂರು ಸಲ ತೊಳೆದೆ. ವಾಸನೆ ಹೋಗಿಲ್ಲ.

ಡ್ಯೂಟಿ ಮುಗಿಸಿ ಬಂದವಳ ಹಾಗೆ ಹೋಗಿ ಬೆಲ್ ಮಾಡುತ್ತೇನೆ. ಬಾಗಿಲು ತೆಗೆದು, ನನ್ನ ಮುಖ ನೋಡಿ, ಬಂದೆಯಾ ಅಂತ ಕೇಳಿದರೆ ಸಾಕು.