ರಾಣಿ ಬಣ್ಣದ ಗೆರೆ

ಮನೆ, ಹೊಲಿಗೆ ಕೋಣೆ
ಮಾರ್ಚ್ ಹನ್ನೊಂದು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಎಂಜಿನ್ ರೂಮಿನ ಸೆಕೆಗೆ ಬೆನ್ನ ತುಂಬ ಗುಳ್ಳೆ ಎದ್ದಿವೆ ಎಂದಿದ್ದೆಯಲ್ಲ, ವಾಸಿಯಾಯಿತೇ? ಕಿವಿಗೆ ಹಾಕಿಕೊಳ್ಳುವುದನ್ನು ಮರೆಯದೆ ಹಾಕಿಕೊಳ್ಳುತ್ತಿದ್ದೀಯ ತಾನೇ? ಹೋದ ರಜೆಯಲ್ಲಿ ನೀನು ಟೀವಿ ಇಟ್ಟ ಜೋರಿಗೆ ಎದುರು ಮನೆಯವರು ಕಿಟಕಿ ಮುಚ್ಚಿಕೊಂಡಿದ್ದರು. ಹಡಗಿನ ಫೋನಿನಲ್ಲಿ ಮಾತು ಅರ್ಧಕ್ಕೇ ತುಂಡಾಗುತ್ತದೆ. ಮೊನ್ನೆ "ಅಮ್ಮ ಹೇಗಿದಾಳೆ" ಎಂದು ನೀನು ಕೇಳಿದ್ದು ನನಗೆ ಕೇಳಿಸಿತು, ನಾನು ಬಾಯಿ ತೆರೆಯುವಷ್ಟರಲ್ಲಿ ಲೈನು ಹೋಯಿತು. ಅದಕ್ಕೇ ಕಾಗದ ಹಿಡಿದು ಕುಳಿತಿದ್ದೇನೆ. ಮುಂದಿನ ಬಂದರಿಗೆ ತಲುಪಿಸುತ್ತೇವೆ ಎಂದು ನಿಮ್ಮ ಕಂಪನಿಯ ಆಫೀಸಿನವರು ಒಪ್ಪಿಕೊಂಡಿದ್ದಾರೆ. ನಾನು ಚೆನ್ನಾಗಿದ್ದೇನೆ. ಅಕ್ಕ ಶಾಲೆಗೆ ರಜೆ ಹಾಕಿ ಇಲ್ಲಿಗೇ ಬಂದು ಇದ್ದಾಳೆ. ಅಮ್ಮನನ್ನೂ ನನ್ನನ್ನೂ ಒಂದೇ ತರಗತಿಯ ಇಬ್ಬರು ತುಂಟ ಮಕ್ಕಳಂತೆ ನೋಡಿಕೊಳ್ಳುತ್ತಿದ್ದಾಳೆ.

ಇನ್ನು ಅಮ್ಮನ ವಿಷಯ. ನೀನು ಹಡಗು ಹತ್ತುವಾಗ ಗಂಟಲಿನ ಆಪರೇಷನ್ ಮುಗಿದು ಅವಳು ಮನೆಗೆ ಬಂದಿದ್ದಳು. ಧ್ವನಿ ಹೋಗುತ್ತದೆ ಎಂದು ಮೊದಲೇ ಹೇಳಿದ್ದರಿಂದ ಅದಕ್ಕೆ ನಾವೆಲ್ಲ ಸಿದ್ಧರಾಗಿದ್ದೆವು. ಸಿದ್ಧರಾಗದೆ ಇದ್ದದ್ದು ಬಲಗೈಗೆ. ಕುತ್ತಿಗೆಯ ನರಕ್ಕೆ ಪೆಟ್ಟಾಗಿ ಭುಜ ಜೋತುಬಿದ್ದಿದೆ, ಬೆರಳುಗಳಲ್ಲಿ ಹಿಡಿತವಿಲ್ಲ. ಕತ್ತರಿ ದೂರದ ಮಾತು, ಪೆನ್ನು ಕೂಡ ನಿಲ್ಲುವುದಿಲ್ಲ. ಹೊಟೇಲು, ಆಸ್ಪತ್ರೆಯ ನೌಕರರ ಸಮವಸ್ತ್ರಗಳನ್ನು ರಾಶಿ ರಾಶಿ ಹೊಲಿದ ಕೈ ಈಗ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ, ಯಾರೋ ಇಟ್ಟು ಮರೆತುಹೋದ ವಸ್ತುವಿನ ಹಾಗೆ. ಆದ್ದರಿಂದ ಅವಳ ಮಾತೆಲ್ಲ ಎಡಗೈಯ ಒಂದು ಬೆರಳು, ಒಂದು ಫೋನು. ಆಸ್ಪತ್ರೆಯವರು ಚಿತ್ರದ ಹಲಗೆಯೊಂದನ್ನೂ ಕೊಟ್ಟಿದ್ದರು: ನೀರು, ನೋವು, ಹಸಿವು, ನಿದ್ದೆ. ಅಮ್ಮ ಅದನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ಹೊಲಿಗೆ ಯಂತ್ರದ ಮೇಲೆ ಬೋರಲು ಹಾಕಿದಳು. ಇಷ್ಟೇ ನನ್ನ ಮಾತು ಅಂದುಕೊಂಡಿದ್ದೀರಾ ಎಂದು ಅವಳ ಮುಖವೇ ಕೇಳಿತು.

ಮೊದಮೊದಲು ಫೋನಿನಲ್ಲಿ ಚೆನ್ನಾಗಿಯೇ ಬರೆಯುತ್ತಿದ್ದಳು. ಆಮೇಲೆ ಸಕ್ಕರೆ ಕಾಯಿಲೆ ಕಣ್ಣನ್ನೂ ಬಿಡಲಿಲ್ಲ, ದೃಷ್ಟಿ ಮಂಜಾಗುತ್ತ ಬಂತು. ನಾನು ಫೋನಿನ ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟೆ. ಆದರೂ ಬರೆದದ್ದು ಗೋಜಲಾಗತೊಡಗಿತು. ಪದದ ಹೊಟ್ಟೆಯೊಳಗೆ ಇನ್ನೊಂದು ಪದ, ಸಾಲಿನ ಬಾಲ ಸಾಲಿನ ತಲೆಯಲ್ಲಿ. ಒಂದು ಬೆಳಿಗ್ಗೆ ಅಕ್ಕ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಕಣ್ಣು ತುಂಬಿತ್ತು. "ಅಮ್ಮ ಬೇಬಿ ಬೇಬಿ ಅಂತ ಬರೀತಿದಾಳೆ ಕಣೇ. ನಾವೆಲ್ಲ ಇನ್ನೂ ಕೂಸುಗಳು ಅಂದ್ಕೊಂಡಿದಾಳೋ ಏನೋ. ತಲೇನೂ ಹೋಗ್ತಿದೆ ಅನ್ಸುತ್ತೆ" ಎಂದಳು. ನಾನೂ ನೋಡಿದೆ. "ನೀರು ಬೇಬಿಸಿಕು" ಎಂದಿತ್ತು. ನನಗೂ ಅರ್ಥವಾಗಲಿಲ್ಲ.

ಅದೇ ವಾರ ಡಾಕ್ಟರ ಹತ್ತಿರ ಹೋದೆವು. ಕುತ್ತಿಗೆಯಲ್ಲಿ ಮತ್ತೆ ಗಂಟು ಬೆಳೆದಿದೆ, ಇನ್ನೊಂದು ಆಪರೇಷನ್ ಮಾಡಬಹುದು ಎಂದರು ಅವರು. ಆ ಕೋಣೆ ನಿನಗೆ ಗೊತ್ತಿದೆ: ತಿರುಗುವ ಕುರ್ಚಿ, ಗೋಡೆಯಲ್ಲಿ ಬೆಳಕಿನ ಪೆಟ್ಟಿಗೆ, ಸದಾ ಒರೆಸಿದ ನೆಲದ ವಾಸನೆ. ಅಮ್ಮ ತಲೆ ಅಲ್ಲಾಡಿಸಿದಳು. ಅದು ಭಯ, ಎಲ್ಲರಿಗೂ ಇರುತ್ತದೆ ಎಂದು ಡಾಕ್ಟರು ಸಮಾಧಾನ ಹೇಳಿದರು. ಆಗ ಅವಳು ಫೋನು ತೆಗೆದು ಬಹಳ ಹೊತ್ತು ಬರೆದಳು. ನಾವು ಮೂವರೂ ಕಾದೆವು. ಬರೆದದ್ದನ್ನು ಡಾಕ್ಟರಿಗೆ ತೋರಿಸಿದಳು. ಅವರು ಓದಿದರು, ಇನ್ನೊಮ್ಮೆ ಓದಿದರು, ಫೋನನ್ನು ಅಕ್ಕನ ಕೈಗೆ ಕೊಟ್ಟರು. ಒಂದು ಸಾಲೂ ನೆಟ್ಟಗಿರಲಿಲ್ಲ. "ಇವರ ಪರವಾಗಿ ಮನೆಯವರೇ ತೀರ್ಮಾನ ತಗೋಬೇಕಾಗುತ್ತೆ" ಎಂದು ಅವರು ಮೆಲ್ಲಗೆ ಅಕ್ಕನಿಗೆ ಹೇಳಿದರು, ಅಮ್ಮ ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. ಅಮ್ಮ ಅಕ್ಕನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಫೋನನ್ನು ಚೀಲಕ್ಕೆ ಹಾಕಿ ಝಿಪ್ಪು ಎಳೆದುಕೊಂಡಳು. ಆಮೇಲೆ ಎಷ್ಟೋ ದಿನ ಅದನ್ನು ಮುಟ್ಟಲೇ ಇಲ್ಲ.

ನಾನು ಅವಳ ಬೆನ್ನ ಹಿಂದೆ ಕುಳಿತದ್ದು ಆಕಸ್ಮಿಕ. ಭಾನುವಾರ ಮಧ್ಯಾಹ್ನ ಅವಳ ತಲೆ ಬಾಚುತ್ತಿದ್ದೆ. ಸುಮ್ಮನೆ ಬಲವಂತ ಮಾಡಿ ಫೋನು ಕೈಗಿಟ್ಟು, ಏನಾದರೂ ಬರಿ, ಬೈಯುವುದಾದರೆ ಬೈದೇ ಬರಿ ಎಂದೆ. ಅವಳು "ನೀರು ಬೇಕು" ಎಂದು ಸರಿಯಾಗಿ ಬರೆದಳು. ಆಮೇಲೆ ಇನ್ನೊಂದು ಪದ ಸೇರಿಸಲು ಸಾಲಿನ ಶುರುವನ್ನು ಮುಟ್ಟಲು ಹೋದಳು. ಬೆರಳು ಮುಟ್ಟಿದ್ದು "ಬೇಕು" ಪದದ ನಡುವೆ. ಅದು ಅವಳಿಗೆ ಕಾಣಲಿಲ್ಲ. ಅಲ್ಲೇ "ಬಿಸಿ" ಎಂದು ಬರೆದಳು. ನಾನು ಬಾಚಣಿಗೆ ಹಿಡಿದು ಹಾಗೇ ಕುಳಿತುಬಿಟ್ಟೆ ಅಣ್ಣಾ. ಅವಳು ಇಷ್ಟು ದಿನ ಕೇಳುತ್ತಿದ್ದದ್ದು ಬಿಸಿ ನೀರು. ಅಕ್ಷರ ಎಲ್ಲಿ ಬೀಳುತ್ತದೆ ಎಂದು ತೋರಿಸಲು ಮಿಟುಕುವ ಸಣ್ಣ ಗೆರೆ ಇರುತ್ತದಲ್ಲ, ಕರ್ಸರ್, ಅದು ಅವಳ ಕಣ್ಣಿಗೆ ಇರಲೇ ಇಲ್ಲ. ಅಕ್ಷರವನ್ನು ಎಷ್ಟು ದೊಡ್ಡದು ಮಾಡಿದರೂ ಆ ಗೆರೆ ಕೂದಲೆಳೆಯಷ್ಟೇ ಇರುತ್ತದೆ. ಅವಳು ಬಳಸುತ್ತಿದ್ದ ಆ್ಯಪಿನದ್ದು ತಿಳಿಹಸಿರು ಬಣ್ಣ, ಗೆರೆಯೂ ಅದೇ ಬಣ್ಣ, ಹಿಂದೆ ಬಿಳಿ. ಹಾಲಿಗೆ ಬಿದ್ದ ನೀರಿನ ಹಾಗೆ.

ಫೋನಿನ ಆ್ಯಪು ಮಾಡುವುದೇ ನನ್ನ ಕೆಲಸ ಎಂದು ನಿನಗೆ ಗೊತ್ತು. ಅಮ್ಮ ಅಂಗಿಗೆ ಗುಂಡಿ ಹಾಕುತ್ತಾಳೆ, ನೀನು ಫೋನಿಗೆ ಗುಂಡಿ ಹಾಕುತ್ತೀಯ ಎಂದು ಎಷ್ಟು ಆಡಿಕೊಂಡಿದ್ದೀಯ. ಬೇರೆಯವರ ಆ್ಯಪಿನ ಬಣ್ಣ ನನ್ನ ಕೈಯಲ್ಲಿಲ್ಲ, ಅದಕ್ಕೆ ಅವಳಿಗೆಂದೇ ಒಂದು ಆ್ಯಪು ಮಾಡಲು ಕುಳಿತೆ. ಅದರಲ್ಲಿ ಟೈಪ್ ಮಾಡುವ ಒಂದೇ ಒಂದು ಚೌಕ, ಇನ್ನೇನೂ ಇಲ್ಲ. ಗೆರೆಯ ಬಣ್ಣ ಬದಲಿಸುವುದು ಒಂದು ಸಾಲಿನ ಕೆಲಸ. ಕಪ್ಪು ಹಾಕಿಕೊಟ್ಟೆ. ಅದನ್ನು ಅವಳು ಯಾವುದೋ ಅಕ್ಷರದ ಕಾಲು ಎಂದುಕೊಂಡಳು. ಕೆಂಪು ಹಾಕಿದೆ. ನೋಡಿದವಳೇ ಮುಖ ತಿರುಗಿಸಿ ಕುತ್ತಿಗೆಯ ಪಟ್ಟಿ ಮುಟ್ಟಿಕೊಂಡಳು. ಕೆಂಪನ್ನು ಸಾಕಷ್ಟು ನೋಡಿದ್ದಾಳೆ. ನನಗೆ ಬೇರೇನೂ ಹೊಳೆಯಲಿಲ್ಲ. ಅವಳ ನೂಲಿನ ಡಬ್ಬಿ ತಂದು ಮುಂದಿಟ್ಟೆ. ಫೋನಿನ ಬಿಳಿ ಪರದೆಯ ಮೇಲೆ ಒಂದೊಂದೇ ನೂಲು ಎಳೆದು ಹಾಸಿದೆವು. ನೀಲಿ ಮಾಸಿಹೋಯಿತು, ಹಳದಿ ಕಾಣಲೇ ಇಲ್ಲ. ರಾಣಿ ಬಣ್ಣದ, ಆ ಕಡು ಗುಲಾಬಿ ಎಳೆ ಹಾಕಿದಾಗ ಬೆರಳನ್ನು ನೇರ ತಂದು ಅದರ ಮೇಲೇ ಇಟ್ಟಳು. ತೆಗೆದು ಬೇರೆ ಕಡೆ ಹಾಸಿದೆ, ಅಲ್ಲೂ ಇಟ್ಟಳು. ನಕ್ಕಳು. ಆ ನಗು ನೋಡಿ ತುಂಬಾ ದಿನವಾಗಿತ್ತು.

ಮೊದಲ ದಿನ ಅದೂ ಸರಿಹೋಗಲಿಲ್ಲ. ಗೆರೆಗೆ ಬಣ್ಣ ಬಂತು, ಅದರ ಕೆಳಗೆ ನೇತಾಡುವ ಹನಿಯಂಥ ಹಿಡಿಕೆ ಮಾತ್ರ ಫೋನಿನದೇ ತಿಳಿಹಸಿರಲ್ಲಿ ಉಳಿಯಿತು. ಅದನ್ನು ಎಳೆದರೆ ತಾನೇ ಗೆರೆ ಬೇಕಾದಲ್ಲಿಗೆ ಸರಿಯುವುದು. ನನ್ನ ಫೋನಿನಲ್ಲಿ ಸರಿ ಬಂದದ್ದು ಅವಳ ಹಳೇ ಫೋನಿನಲ್ಲಿ ಬರಲಿಲ್ಲ. ಆಫೀಸಿನಲ್ಲಿ ಊಟದ ಹೊತ್ತಿನಲ್ಲೆಲ್ಲ ಅದನ್ನೇ ತಿದ್ದಿದೆ. ಗೆರೆಯನ್ನು ನೂಲುಂಡೆಯ ದಾರದಷ್ಟು ದಪ್ಪ ಮಾಡಿ, ಮಿಟುಕುವುದನ್ನು ನಿಲ್ಲಿಸಿದೆ. ಅದು ಮಾಯವಾದ ಕ್ಷಣದಲ್ಲೇ ಅವಳು ದಾರಿ ತಪ್ಪುತ್ತಿದ್ದಳು.

ಅಮ್ಮ ಅದರಲ್ಲಿ ಬರೆದ ಮೊದಲ ಮಾತು "ಫ್ಯಾನು ಕಮ್ಮಿ ಮಾಡು". ಎರಡನೆಯದು, ಅಕ್ಕನನ್ನು ಕರೆದು ಕೂರಿಸಿಕೊಂಡು ಬರೆದದ್ದು: "ನನಗೆ ಇನ್ನೊಂದು ಆಪರೇಷನ್ ಬೇಡ."

ಅಕ್ಕ ಅವಳ ಕೈ ಹಿಡಿದು "ಹೆದರ್ಕೋಬೇಡಮ್ಮಾ, ನಾವಿದೀವಲ್ಲ" ಎಂದಳು. ಅಮ್ಮ ಕೈ ಬಿಡಿಸಿಕೊಂಡಳು, ಬರೆಯಬೇಕಲ್ಲ, ಇರುವುದೇ ಒಂದು ಕೈ. "ಹೆದರಿಕೆ ಅಲ್ಲ. ಯೋಚನೆ ಮಾಡಿ ಹೇಳ್ತಿದೀನಿ. ಆವತ್ತು ಅಲ್ಲೂ ಇದನ್ನೇ ಬರೆದಿದ್ದೆ." ಅಕ್ಕ ಎದ್ದು ಬಾಲ್ಕನಿಗೆ ಹೋದಳು. ನಾನು ಹಿಂದೆ ಹೋದೆ. ಒಣಗಿದ ಬಟ್ಟೆಗಳನ್ನು ತಂತಿಯಿಂದ ಎಳೆದೆಳೆದು ತೆಗೆಯುತ್ತಿದ್ದಳು. "ಬಣ್ಣ ಹಾಕ್ಕೊಟ್ಯಲ್ಲ, ಅವಳ ಕೈಗೆ ಏನ್ ಕೊಟ್ಟೆ ಗೊತ್ತಾ ನಿಂಗೆ? ಸುಮ್ನಿದ್ದಿದ್ರೆ ಆಪರೇಷನ್ ಮಾಡ್ಸಿ ಇನ್ನೊಂದಷ್ಟು ದಿನ ಉಳಿಸ್ಕೋತಿದ್ವಿ" ಎಂದಳು. ನಿಜ ಹೇಳುತ್ತೇನೆ, ಆಪರೇಷನ್ ಆಗಲಿ ಎಂದೇ ನನ್ನ ಮನಸ್ಸಿನಲ್ಲೂ ಇತ್ತು. ಬಿಸಿ ನೀರು, ಫ್ಯಾನು, ದಿಂಬು ಇಷ್ಟನ್ನು ಕೇಳಲಿ ಎಂದು ಆ ಗೆರೆ ಎಳೆದವಳು ನಾನು. ಕೇಳುವ ದಾರಿ ತೆರೆದ ಮೇಲೆ ಇಷ್ಟೇ ಕೇಳು ಎನ್ನಲು ಆಗುತ್ತದೆಯೇ? ಇಬ್ಬರೂ ಸೇರಿ ಬಟ್ಟೆ ಮಡಿಸಿ ಮುಗಿಸಿದೆವು. ಆಮೇಲೆ ಅಕ್ಕನೇ "ನಡಿ, ಡಾಕ್ಟರ ಎದುರೇ ಹೇಳ್ಲಿ" ಎಂದಳು.

ಈ ಸಲ ಅಮ್ಮ ತನ್ನ ಕುರ್ಚಿಯನ್ನು ಎಳೆದುಕೊಂಡು ಡಾಕ್ಟರ ಪಕ್ಕದಲ್ಲೇ ಕುಳಿತಳು. ಪರದೆ ಇಬ್ಬರಿಗೂ ಕಾಣುವಂತೆ ಹಿಡಿದು ಒಂದೊಂದೇ ಪ್ರಶ್ನೆ ಬರೆದಳು. ಆಪರೇಷನ್ ಆದರೆ ಬಾಯಲ್ಲಿ ಕಾಫಿ ಕುಡಿಯಬಹುದಾ? ಇಲ್ಲ, ಹೊಟ್ಟೆಗೇ ನಳಿಕೆ. ಎಡಗೈ ಉಳಿಯುತ್ತದಾ? ಖಾತ್ರಿ ಕೊಡಲಾಗುವುದಿಲ್ಲ. ಆಮೇಲೆ ಗಂಟು ಮತ್ತೆ ಬರುವುದಿಲ್ಲವಾ? ಬರಬಹುದು. ಮಾಡಿಸದಿದ್ದರೆ ನೋವಿಗೆ ಔಷಧಿ ಕೊಡ್ತೀರಾ? ಕೊಡ್ತೀನಿ ಎಂದರು. ಪ್ರತಿ ಸಲವೂ ಆ ರಾಣಿ ಬಣ್ಣದ ಗೆರೆ ಸಾಲಿನ ಕೊನೆಯಲ್ಲಿ ನಿಂತಿರುತ್ತಿತ್ತು, ಡಾಕ್ಟರು ಅದನ್ನೇ ನೋಡುತ್ತ ಕಾಯುತ್ತಿದ್ದರು. ಕೊನೆಗೆ ಕನ್ನಡಕ ತೆಗೆದು "ಹೋದ್ಸಲ ನಾನು ನಿಮ್ಮನ್ನ ಬಿಟ್ಟು ನಿಮ್ಮ ಮಗಳ ಹತ್ರ ಮಾತಾಡ್ದೆ. ತಪ್ಪಾಯ್ತು" ಎಂದರು. ಅಮ್ಮ "ಪರವಾಗಿಲ್ಲ" ಎಂದು ಬರೆದಳು. "ಅರ್ಥ ಆಗೋ ಹಾಗೆ ಇರಲಿಲ್ಲ" ಎಂದೂ ಸೇರಿಸಿದಳು.

ಆಪರೇಷನ್ ಇಲ್ಲ ಎಂದು ತೀರ್ಮಾನವಾಯಿತು. ಮನೆಗೆ ಬಂದ ಮೇಲೆ ಅಕ್ಕ ಎರಡು ದಿನ ಒಂದಲ್ಲ ಒಂದು ಕೆಲಸ ಹಚ್ಚಿಕೊಂಡು ಓಡಾಡಿದಳು: ಕಪಾಟು ಒರೆಸಿದಳು, ಪರದೆ ಒಗೆದಳು, ಔಷಧಿ ಡಬ್ಬಿ ಮತ್ತೆ ಮತ್ತೆ ಜೋಡಿಸಿದಳು. ಮೂರನೆಯ ದಿನ ಅಮ್ಮ ಅವಳ ಸೆರಗು ಹಿಡಿದು ನಿಲ್ಲಿಸಿ ಫೋನು ತೋರಿಸಿದಳು. "ಓಡಾಡಬೇಡ. ನನ್ನ ಹತ್ರ ಕೂತ್ಕೋ." ಅಕ್ಕ ಕುಳಿತಳು. ಈಗ ದಿನವೂ ಸಂಜೆ ಇಬ್ಬರೂ ಬೀದಿ ಕಾಣುವ ಕಿಟಕಿಯ ಹತ್ತಿರ ಕೂರುತ್ತಾರೆ. ಹೋಗಿ ಬರುವವರ ಅಂಗಿಯ ಹೊಲಿಗೆಯ ಬಗ್ಗೆ ಅಮ್ಮ ಬರೆಯುತ್ತಾಳೆ, ಅಕ್ಕ ಓದಿ ನಗುತ್ತಾಳೆ. ಮೊನ್ನೆ ಅಂಚೆಯವನ ಕಾಲರಿನ ಬಗ್ಗೆ ಏನು ಬರೆದಳೋ, ಇಬ್ಬರೂ ನನಗೆ ಹೇಳುತ್ತಿಲ್ಲ.

ಇದನ್ನೆಲ್ಲ ನಿನಗೆ ಹೇಳಲೇ ಎಂದು ಅಮ್ಮನನ್ನು ಕೇಳಿದೆ. ಆಪರೇಷನ್ ವಿಷಯ ಹೇಳು, ಆದರೆ ಬಾ ಎನ್ನಬೇಡ ಎಂದಳು. "ಅವನು ಕೆಲಸ ಮುಗಿಸಿಯೇ ಬರಲಿ. ನಡುವೆ ಇಳಿದ್ರೆ ಮತ್ತೆ ಹತ್ತಿಸ್ಕೊಳ್ಳಲ್ಲ" ಎಂದು ಬರೆದಳು. ಅವಳ ಮಾತನ್ನು ಅವಳ ಮಾತಾಗಿಯೇ ಕೇಳಬೇಕು ಎಂದು ಇಷ್ಟೆಲ್ಲ ಹೆಣಗಿದ ಮೇಲೆ, ಇದೊಂದನ್ನು ಮಾತ್ರ ನಾನು ಹೇಗೆ ಮೀರಲಿ? ಆದ್ದರಿಂದ ಇದು ಸುದ್ದಿಗೆಂದು ಬರೆದ ಕಾಗದ ಅಷ್ಟೇ. ನೋವು ಸದ್ಯ ಹತೋಟಿಯಲ್ಲಿದೆ. ಕಾಫಿ ಕುಡಿಯುತ್ತಿದ್ದಾಳೆ, ಸಕ್ಕರೆ ಹಾಕದ್ದಕ್ಕೆ ದಿನವೂ ಲಿಖಿತ ದೂರು ಬರುತ್ತದೆ. ನೀನು ಹುಷಾರು. ಬಿಸಿ ಪೈಪುಗಳ ಹತ್ತಿರ ಜಾಗ್ರತೆಯಿಂದಿರು, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕ್ಷೇಮ ಕೇಳಿದೆ ಎಂದು ತಿಳಿಸಲು ಅಕ್ಕ ಹೇಳಿದ್ದಾಳೆ. ಅಮ್ಮನ ಆಶೀರ್ವಾದ ಎಂದಿನಂತೆ ನಿನ್ನ ತಲೆಯ ಮೇಲಿದೆ.

ನಿನ್ನ ಪ್ರೀತಿಯ ತಂಗಿ,
ಗುಂಡಿ

ತಾ.ಕ.: ಲಕೋಟೆ ಅಂಟಿಸುವಾಗ ಅಮ್ಮ ಹತ್ತಿರ ಕರೆದಳು. ಯಾರಿಗೆ ಬರೆದದ್ದು ಎಂದು ಕಣ್ಣಲ್ಲೇ ಕೇಳಿದಳು, ನಿನಗೆ ಎಂದೆ. ಫೋನು ತೆಗೆದು "ನಾನು ಚೆನ್ನಾಗಿದೀನಿ ಅಂತ ಬರಿ" ಎಂದು ಟೈಪ್ ಮಾಡಿದಳು. ಸರಿ ಎಂದು ನಾನು ಪೆನ್ನು ತೆಗೆದೆ. ಅವಳು ಫೋನು ಕೆಳಗಿಡಲಿಲ್ಲ. ಬರೆದದ್ದನ್ನು ಕೊನೆಯಿಂದ ಒಂದೊಂದೇ ಅಕ್ಷರವಾಗಿ ಅಳಿಸುತ್ತ ಬಂದಳು. ಚೌಕ ಪೂರ್ತಿ ಖಾಲಿಯಾಗಿ ಗೆರೆಯೊಂದೇ ಉಳಿಯಿತು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದು ಮತ್ತೆ ಬರೆದಳು: "ಬರೋಕಾಗುತ್ತಾ ಕೇಳು."